ಇಂದುರೇಖೆಯ ಮಟ್ಟು

"ನೀವಿಲ್ದೆ ಆಗಲ್ಲ ಕಣಮ್ಮ" ಎಂದು ಮಹೇಶ್ಕುಮಾರ್ ಫೋನಿನಲ್ಲಿ ಮೂರು ಸಲ ಹೇಳಿದ್ದೇ ಪುಟ್ಟಸಿದ್ದಮ್ಮನಲ್ಲಿ ಅನುಮಾನ ಹುಟ್ಟಿಸಿತು. ಒಂದೇ ಸಲ ಹೇಳಿದ್ದರೆ ನಂಬಿಬಿಡುತ್ತಿದ್ದಳೇನೋ. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಯಾರದೋ ಮದುವೆಯ ಹಸಿರು ಸೀರೆಗೆ ಫಾಲ್ಸ್ ಹೊಲಿಯುತ್ತ ಕೂತಿದ್ದವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಅವನ ಮಾತಿನ ಹಿಂದೆ ಇನ್ನಾರಾದರೂ ಪಿಸುಗುಡುತ್ತಿದ್ದಾರೆಯೇ ಎಂದು ಆಲಿಸಿದಳು. ಕೆ.ಆರ್. ನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಈ ಮನುಷ್ಯ ಒಂದು ಕಾಲದಲ್ಲಿ ಸೇವಕನ ಪಾತ್ರಕ್ಕೂ ಸಾಲದೆ ಪರದೆಯ ಹಗ್ಗ ಎಳೆಯುತ್ತಿದ್ದ. ಈಗ ಅವನೇ ಮುಂದೆ ನಿಂತು 'ಇಂದುರೇಖಾ ವನವಾಸ'ವನ್ನು ಮತ್ತೆ ಕಟ್ಟುತ್ತಾನಂತೆ. ನಲವತ್ತು ಹಾಡುಗಳ ಸಂಗೀತ ನಾಟಕ, ಆಡದೆ ಇಪ್ಪತ್ತಾರು ವರ್ಷವಾಗಿದೆ. ರಾಣಿಯ ಶೀಲವನ್ನು ಸಂಶಯಿಸಿ ರಾಜ ಅವಳನ್ನು ಕಾಡಿಗೆ ಅಟ್ಟುವ ಆ ಕಥೆಯಲ್ಲಿ ಹನ್ನೊಂದು ವರ್ಷ ಅವಳೇ ರಾಣಿ ಇಂದುರೇಖೆಯಾಗಿದ್ದಳು. "ನೋಡ್ತೀನಿ ಬುಡಿ" ಎಂದು ಹೇಳಿ ಫೋನ್ ಇಟ್ಟಳು. ಇಟ್ಟ ಮೇಲೆ ನೋಡಿದರೆ ಸೂಜಿ ಸೀರೆಯ ಎರಡು ಪದರವನ್ನೂ ಸೇರಿಸಿ ಹೊಲಿದುಬಿಟ್ಟಿತ್ತು. ಒಂದು ಗೇಣು ದೂರ ಬಿಚ್ಚಬೇಕಾಯಿತು.

ಬಿಚ್ಚುತ್ತಿರುವಾಗ ಅವಳಿಗೆ ಸಿಟ್ಟು ಬಂತು. ಆ ನಾಟಕವನ್ನು ಈ ಇಪ್ಪತ್ತಾರು ವರ್ಷವೂ ಮತ್ತೆ ಮತ್ತೆ ಕಟ್ಟುತ್ತಿದ್ದವಳು ತಾನು. ಇದೇ ಚಾಪೆಯ ಮೇಲೆ, ಇದೇ ಸೂಜಿ ಹಿಡಿದು, ಒಬ್ಬರಿಗೂ ಹೇಳದೆ. ಬಾಗಿಲಿಗೆ ಬಂದ ಯಾರನ್ನೂ ಅವಳು ಸುಮ್ಮನೆ ನೋಡಿ ಕಳಿಸಿದ್ದಿಲ್ಲ. ಸೊಸೈಟಿಯಲ್ಲಿ ಅಕ್ಕಿ ಅಳೆಯುವವನ ಹುಬ್ಬು ನೋಡಿ ಮಂತ್ರಿಯ ಪಾತ್ರ ಕೊಟ್ಟಿದ್ದಳು. ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರನ ದನಿ ಕೇಳಿ ಅವನನ್ನು ಸೇನಾಪತಿ ಮಾಡಿದ್ದಳು. ಆಮೇಲೆ ಅವನು ಒಬ್ಬ ಮುದುಕಿಯನ್ನು ಗದರಿಸಿದ್ದು ನೋಡಿ ಪಾತ್ರ ಕಿತ್ತುಕೊಂಡಿದ್ದಳು. ಎರಡು ಪಾತ್ರಗಳನ್ನು ಮಾತ್ರ ಎಂದೂ ಬದಲಾಯಿಸಿರಲಿಲ್ಲ. ರಾಜ ಮಾರ್ತಾಂಡ, ಆಗ ಅವಳೆದುರು ಆ ಪಾತ್ರ ಮಾಡುತ್ತ ನಾಟಕವನ್ನೂ ಕಲಿಸುತ್ತಿದ್ದ ವೀರಭದ್ರಸ್ವಾಮಿಯೇ. ಅವನು ಸತ್ತು ಒಂಬತ್ತು ವರ್ಷವಾಗಿದ್ದರೂ ಅವಳ ನಾಟಕದಲ್ಲಿ ಅವನೇ ಕಿರೀಟ ಇಟ್ಟುಕೊಂಡು ಬರುತ್ತಿದ್ದ, ಹಳ್ಳಿಯ ನಟರು 'ಹರಹರ' ಎನ್ನುವುದನ್ನು 'ಅರಅರ' ಎಂದರೆ ತಾಲೀಮು ನಿಲ್ಲಿಸಿ ಬಯ್ಯುತ್ತಿದ್ದ. ರಾಣಿ ತಾನೇ. ಅರವತ್ತೆರಡರ ಮೊಣಕಾಲು ನೋವು, ಮುಂದಿನ ಎರಡು ಹಲ್ಲು ಕಟ್ಟಿಸಿಕೊಂಡದ್ದು, ಯಾವುದೂ ಆ ನಾಟಕದೊಳಕ್ಕೆ ಬರುತ್ತಿರಲಿಲ್ಲ. ಈಗ ಈ ಗೊಬ್ಬರದವನು ಬಂದು ಅದನ್ನು ನಿಜವಾಗಿ ಆಡಿಸುತ್ತೇನೆ ಎನ್ನುತ್ತಿದ್ದಾನೆ. ನೀವಿಲ್ಲದೆ ಆಗುವುದಿಲ್ಲವಂತೆ. ಏನು ಆಗುವುದಿಲ್ಲ? ಯಾವುದು ಆಗುವುದಿಲ್ಲ?

ಭಾನುವಾರ ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ಹರಿಸಿಕೊಂಡು, ಕೆ.ಆರ್. ನಗರಕ್ಕೆ ಹೋದಳು. ತಾಲೀಮು ಇದ್ದದ್ದು ನಿಂತುಹೋದ ಒಂದು ರೈಸ್ ಮಿಲ್ಲಿನ ಗೋಡೌನಿನಲ್ಲಿ. ಮಿಷನ್ನು ತೆಗೆದುಕೊಂಡು ಹೋಗಿ ವರ್ಷಗಳಾಗಿದ್ದರೂ ಗೋಡೆಯೊಳಗಿಂದ ತೌಡಿನ ವಾಸನೆ ಬರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹತ್ತು ಹನ್ನೆರಡು ಗಂಡಸರು. ಮೂಲೆಯ ಜಮಖಾನದ ಮೇಲೆ ಹಾರ್ಮೋನಿಯಂ ಮುಂದೆ ನಸೀರ್ ಮೇಷ್ಟ್ರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವಳು ಹಾಡಿದ ಅಷ್ಟೂ ವರ್ಷ ಅವಳ ಹಾಡಿಗೆ ನುಡಿಸಿದ್ದು ಈ ಮನುಷ್ಯನೇ. "ಆರಾಮಾ ಸಿದ್ದಮ್ಮೋರೆ?" ಎಂದು ಕೇಳಿದರು, ಉತ್ತರಕ್ಕೆ ಕಾಯದೆ ತಲೆ ತಗ್ಗಿಸಿ ತಿದಿಯ ಧೂಳು ಒರೆಸತೊಡಗಿದರು. ಯಾಕೆ ತಲೆ ತಗ್ಗಿಸಿದರು ಎಂದು ಅವಳು ಯೋಚಿಸಿದಳು.

ಪಾತ್ರಗಳನ್ನು ಆಗಲೇ ಹಂಚಿ ಮುಗಿಸಿದ್ದರು. ವಾಟ್ಸಪ್ ಗ್ರೂಪಿನಲ್ಲಿ ಓಟು ಹಾಕಿಸಿದರಂತೆ. ಗ್ರೂಪಿನಲ್ಲಿ ಅವಳಿರಲಿಲ್ಲ. ಪಕ್ಕದವನು ಮೊಬೈಲು ಮುಂದೆ ಹಿಡಿದಾಗ ಕಣ್ಣು ಕಿರಿದು ಮಾಡಿಕೊಂಡು ಓದಿದಳು: ಮಾರ್ತಾಂಡ ಮಹಾರಾಜ – ಮಹೇಶ್ಕುಮಾರ್, ಹದಿನೇಳು ಓಟು. ರಾಣಿಯ ಪಾತ್ರಕ್ಕೆ ಯಾರೋ ಟೀವಿ ಧಾರಾವಾಹಿಯ ಹುಡುಗಿಯೊಬ್ಬಳ ಫೋಟೋ ಹಾಕಿ ನಗುವ ಗೊಂಬೆಗಳನ್ನು ಸಾಲಾಗಿ ಇಟ್ಟಿದ್ದರು. ಅದರ ಕೆಳಗೆ: ಇಂದುರೇಖೆ – ನಿಖತ್. ಎಲ್ಲಕ್ಕಿಂತ ಕೊನೆಗೆ: ರಾಜಮಾತೆ – ಪುಟ್ಟಸಿದ್ದಮ್ಮ, ಮಟ್ಟು ಹೇಳಿಕೊಡಲು.

"ರಾಜಮಾತೆ ಅಂದ್ರೆ ಸಣ್ಣ ಪಾತ್ರ ಅಲ್ಲ ಕಣಮ್ಮ" ಎಂದ ಮಹೇಶ್ಕುಮಾರ್, ಅವಳ ಮುಖ ನೋಡದೆ. "ಕೊನೇ ಸೀನಲ್ಲಿ ಬಂದು ಸೊಸೇನ ಹರಸ್ಬೇಕು. ಅದಿಲ್ದೆ ನಾಟ್ಕ ಮುಗಿಯಲ್ಲ. ಮತ್ತೆ ನಿಮ್ಮ ಹಾಡುಗಳು. ಮಾತು ಪುಸ್ತಕದಲ್ಲಿ ಅವೆ, ಮಟ್ಟು ಯಾರತ್ರನೂ ಇಲ್ಲ."

"ಮೇಷ್ಟ್ರು ಅವ್ರಲ್ಲ. ಅವ್ರಿಗೆ ಬರಾಕಿಲ್ವಾ?"

ನಸೀರ್ ಆಗಲೂ ತಲೆ ಎತ್ತಲಿಲ್ಲ. "ನಂಗೆ ಮರ್ತೋಗದೆ ಸಿದ್ದಮ್ಮೋರೆ. ಗಂಡಸ್ರ ಆಡೆಲ್ಲ ಅವೆ. ನಿಮ್ಮವು ಮಾತ್ರ ಬೆರಳಿಗೇ ಬತ್ತಿಲ್ಲ. ನಾನು ನಿಮ್ಮ ಗಂಟ್ಲು ಇಂದಿಂದೇ ಬತ್ತಿದ್ದೆ."

ಸುಳ್ಳು ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಈ ಮನುಷ್ಯ ಯಾವ ಊರಿನಲ್ಲಿ ಯಾವ ನಟ ಯಾವ ಸ್ವರ ತಪ್ಪಿದ ಎಂದು ಹತ್ತು ವರ್ಷದ ನಂತರ ಹೇಳುತ್ತಿದ್ದವನು. ಸುಳ್ಳು ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ಒಬ್ಬಳು ಹುಡುಗಿ ಓಡೋಡಿ ಬಂದಳು. ಇಪ್ಪತ್ತು ವರ್ಷವಿರಬಹುದು, ತೆಳ್ಳಗೆ, ಕೈಯಲ್ಲಿ ಕಾಲೇಜಿನ ಬ್ಯಾಗು. "ಸಾರಿ ತಾತ, ಬಸ್ಸು ಲೇಟು" ಎಂದು ನಸೀರ್ ಪಕ್ಕದಲ್ಲಿ ಕೂತಳು. ತಾತ! ಪುಟ್ಟಸಿದ್ದಮ್ಮನಿಗೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡಳು. ಮೊಮ್ಮಗಳಿಗೆ ಪಾತ್ರ ಬೇಕು. ಹಾಡು ಬೇಕು. ಹಾಡು ಕೊಟ್ಟ ಮೇಲೆ ಮುದುಕಿ ಬೇಡ. ಅದಕ್ಕೇ ತಿದಿಯ ಧೂಳು.

ವಾಪಸು ಬರುವಾಗ ಬಸ್ಸಿನ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತವಳಿಗೆ ಬೀಚನಹಳ್ಳಿಯ ಮನೆಯೊಂದು ನೆನಪಾಯಿತು. ಡ್ಯಾಮಿನ ಕಾಲೋನಿಯವರು ನಾಟಕ ಇಟ್ಟುಕೊಂಡಿದ್ದರು. ಬಾಡಿಗೆಗೆ ಕರೆಸಿದ ಹೆಣ್ಣು ಪಾತ್ರದವರನ್ನು ಯಾರ ಮನೆಯಲ್ಲಿ ಇಳಿಸುವುದು ಎಂದು ಪ್ರತಿ ಊರಿನಲ್ಲೂ ಆಗುವ ಗುಸುಗುಸು ಅಲ್ಲಿಯೂ ಆಗಿ, ಕೊನೆಗೆ ಒಬ್ಬ ಮನೆಯಾಕೆ ಒಪ್ಪಿಕೊಂಡಿದ್ದಳು. ಎಷ್ಟು ಚೆನ್ನಾಗಿ ಮಾತಾಡಿಸಿದ್ದಳು! ರಾಗಿ ರೊಟ್ಟಿಗೆ ತಾನೇ ಬೆಣ್ಣೆ ಹಾಕಿ, "ನಿಮ್ಮ ಆಡು ಕೇಳಿ ನಾನು ಅತ್ತುಬುಟ್ಟೆ ಕಣವ್ವ" ಎಂದಿದ್ದಳು. ಬೆಳಿಗ್ಗೆ ಬಸ್ಸಿಗೆ ಹೊರಟು, ಮರೆತಿದ್ದ ಬಾಚಣಿಗೆಗಾಗಿ ತಿರುಗಿ ಬಂದಾಗ ಆಕೆ ಅಡಿಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಿತ್ತಾಳೆಯ ಲೋಟಗಳನ್ನು ಎಣಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪುಟ್ಟಸಿದ್ದಮ್ಮ ಬಾಚಣಿಗೆ ಕೇಳದೆ ಹೋಗಿದ್ದಳು. ಅಂದಿನಿಂದ ಯಾರಾದರೂ ಬೆಣ್ಣೆ ಹಾಕಿದರೆ ಅವಳ ಕಣ್ಣು ಲೋಟಗಳನ್ನು ಹುಡುಕುತ್ತಿತ್ತು.

ಮೂರನೇ ಅಂಕದ ಹಾಡು ಕಲಿಸುವ ದಿನ ಅವಳು ಅದನ್ನು ಯೋಚಿಸಿ ಮಾಡಿದಳೆಂದು ಹೇಳುವುದು ಕಷ್ಟ. ಕಾಡಿಗೆ ಬಿಟ್ಟು ರಥ ಹೊರಟುಹೋದ ಮೇಲೆ ರಾಣಿ ಒಬ್ಬಳೇ ಹೊಳೆಯ ದಡದಲ್ಲಿ ನಿಂತು ಹಾಡುವ ಹಾಡು: 'ತಿರುಗಿ ನೋಡದೆ ಹೋದ ದೊರೆಯೇ, ನದಿಗೆ ಏನೆಂದು ಹೇಳಲಿ.' ಇಡೀ ನಾಟಕಕ್ಕೆ ಜನ ಬರುತ್ತಿದ್ದದ್ದೇ ಅದಕ್ಕೆ. 'ನದಿಗೆ' ಎಂಬಲ್ಲಿ ದನಿ ಮೇಲೇರಿ ಎಲ್ಲರ ಕಿವಿಯೂ ಕಾಯುವ ಸ್ವರಕ್ಕೆ ಹೋಗಿ ನಿಲ್ಲಬೇಕು, ಆದರೆ ನಿಲ್ಲುವುದಿಲ್ಲ. ಹಾರ್ಮೋನಿಯಂನಲ್ಲಿ ಅದರ ಪಕ್ಕದ ಕರಿ ಮನೆಗೆ, ಅರ್ಧ ಸ್ವರ ಕೆಳಕ್ಕೆ ಜಾರಿ, ಸಾಲು ಮುಗಿಯುವವರೆಗೂ ಅಲ್ಲೇ ತೂಗುತ್ತದೆ. ಕತ್ತಲಲ್ಲಿ ಒಂದು ಮೆಟ್ಟಿಲು ತಪ್ಪಿದಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಕೇಳುವವರಿಗೆ ಹಾಗಾಗುತ್ತಿತ್ತು. ಚುಂಚನಕಟ್ಟೆಯಲ್ಲಿ ಒಮ್ಮೆ ಆಡಿದಾಗ ದೂರದಿಂದ ಕಾವೇರಿ ಧುಮುಕುವ ಸದ್ದು ಮೈಕಿನೊಳಗೂ ಬರುತ್ತಿತ್ತು; ಅವಳು ಆ ಸ್ವರಕ್ಕೆ ಜಾರಿ ನಿಂತಾಗ ಮುಂದಿನ ಸಾಲಿನ ಗಂಡಸರು ಬೀಡಿ ಸೇದುವುದನ್ನು ನಿಲ್ಲಿಸಿದ್ದರು. ನಸೀರ್ ಆ ಕರಿ ಮನೆಯ ಮೇಲೆ ಬೆರಳಿಟ್ಟು, ತಿದಿ ಒತ್ತುವುದನ್ನೂ ಮರೆತು, ಅವಳನ್ನು ನೋಡಿದ್ದರು. ಆ ಮನುಷ್ಯ ಮರೆತಿದ್ದಾನಂತೆ!

"ಏಳು ಮಗ, ನನ್ನಿಂದೆ ಏಳು" ಎಂದಳು ನಿಖತ್‌ಗೆ. 'ನದಿಗೆ' ಬಂದಾಗ ಅವಳ ಗಂಟಲು ತಾನಾಗಿಯೇ ಸುಲಭದ ಸ್ವರಕ್ಕೆ ಹೋಗಿ, ಬಿಳಿ ಮನೆಯ ಮೇಲೆ, ಭಜನೆಯ ಹಾಡಿನ ಹಾಗೆ ನೆಮ್ಮದಿಯಿಂದ ಕೂತಿತು. ಹುಡುಗಿ ಹಾಗೆಯೇ ಹೇಳಿದಳು. ಪುಟ್ಟಸಿದ್ದಮ್ಮ ಓರೆಗಣ್ಣಿನಿಂದ ನಸೀರ್ ಕೈ ನೋಡಿದಳು. ಒಂದು ಗಳಿಗೆ ಅವರ ಬೆರಳು ಕರಿ ಮನೆಯ ಮೇಲೆ ಗಾಳಿಯಲ್ಲಿ ನಿಂತಂತೆ ಕಂಡಿತು. ಆಮೇಲೆ ಬಿಳಿಯ ಮೇಲೆ ಇಳಿಯಿತು. "ಇಂಗೇ ಅಲ್ವಾ ಮೇಷ್ಟ್ರೇ?" ಎಂದು ಕೇಳಿದಳು, ಕೇಳಿದ ಧೈರ್ಯಕ್ಕೆ ಅವಳಿಗೇ ಮೈ ಬೆಚ್ಚಗಾಯಿತು.

"ನೀವು ಏಳ್ದಂಗೆ" ಎಂದರು ನಸೀರ್.

ಅಲ್ಲಿಂದ ಮುಂದೆ ಎರಡು ತಿಂಗಳು, ಎಂಟು ಭಾನುವಾರ, ಆ ಹಾಡು ಹಾಗೆಯೇ ಗಟ್ಟಿಯಾಗುತ್ತ ಹೋಯಿತು. ಉಳಿದ ಹಾಡುಗಳನ್ನು ಅವಳು ಚಾಚೂ ತಪ್ಪದೆ ಕಲಿಸಿದಳು. ಒಂದನ್ನು ಮುಚ್ಚಿಟ್ಟುಕೊಂಡದ್ದರಿಂದ ಉಳಿದವುಗಳ ವಿಷಯದಲ್ಲಿ ಧಾರಾಳಿಯಾಗುವುದು ಸುಲಭವಾಗಿತ್ತು. ಹುಡುಗಿ ಕೆಟ್ಟವಳಲ್ಲ, ಅದೇ ತೊಂದರೆ. "ಅಜ್ಜಿ, ಉಸಿರು ಎಲ್ಲಿ ತಗೋಬೇಕು?" ಎಂದು ಕೇಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಯಾರೂ ಪುಟ್ಟಸಿದ್ದಮ್ಮನನ್ನು ಉಸಿರಿನ ಬಗ್ಗೆ ಕೇಳಿರಲಿಲ್ಲ. ಫ್ಲಾಸ್ಕಿನಲ್ಲಿ ಬಿಸಿನೀರು ತಂದು ಕೊಡುತ್ತಿದ್ದಳು. ಬೆಣ್ಣೆ, ಎಂದುಕೊಂಡು ಪುಟ್ಟಸಿದ್ದಮ್ಮ ಕುಡಿಯುತ್ತಿದ್ದಳು. ನಿಖತ್‌ಳ ತಾಯಿ ಜೀನತುನ್ನೀಸಾ ಮಗಳು ನಾಟಕಕ್ಕೆ ಸೇರಿದ್ದಕ್ಕೆ ನಸೀರ್ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದಳಂತೆ. ನಾಟಕ ಹಗಲಿನಲ್ಲೇ ಆಗಬೇಕು, ಕತ್ತಲಾಗುವುದರೊಳಗೆ ಮನೆಗೆ ಬರಬೇಕು ಎಂಬ ಕರಾರಿನ ಮೇಲೆ ಒಪ್ಪಿಕೊಂಡಳಂತೆ. ಇದನ್ನೆಲ್ಲ ಹುಡುಗಿ ನಗುತ್ತ ಹೇಳುತ್ತಿದ್ದಳು. ಇಷ್ಟೆಲ್ಲ ದಾಟಿ ಬಂದವಳಿಗೆ ಹುಸಿ ಸ್ವರ ಕಟ್ಟಿ ಕಳಿಸುತ್ತಿದ್ದೇನೆ ಎಂಬ ಯೋಚನೆ ಬಂದ ಕೂಡಲೇ ಪುಟ್ಟಸಿದ್ದಮ್ಮ ಇನ್ನೊಂದು ಯೋಚನೆಯನ್ನು ಅದರ ಮೇಲೆ ಹೊದಿಸುತ್ತಿದ್ದಳು: ಮೊದಲು ಮೋಸ ಮಾಡಿದ್ದು ಅವರು. ಮತ್ತೊಂದು ಲೆಕ್ಕಾಚಾರವೂ ಇತ್ತು. ಅದು ಎಷ್ಟು ಹೇಸಿಗೆಯದೆಂದರೆ ಅವಳು ಅದನ್ನು ಪೂರ್ತಿ ಮಾತಿನಲ್ಲಿ ಹೇಳಿಕೊಂಡಿರಲಿಲ್ಲ. ನಾಟಕದ ದಿನ ಹಾಡು ಸಪ್ಪೆಯಾಗುತ್ತದೆ; ಹಳಬರು ಯಾರಾದರೂ ಎದ್ದು, ಇದು ಹೀಗಲ್ಲ, ಪುಟ್ಟಸಿದ್ದಮ್ಮನವರನ್ನು ಕರೆಯಿರಿ ಎನ್ನುತ್ತಾರೆ; ಆಗ.

ನಾಟಕದ ಹಿಂದಿನ ದಿನ, ಶನಿವಾರ, ಕೊನೆಯ ತಾಲೀಮು ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ನಿಖತ್ ಇದ್ದಕ್ಕಿದ್ದಂತೆ ಹೇಳಿದಳು: "ಅಜ್ಜಿ, ತಾತ ಮನೇಲಿ ಆ ಹೊಳೆ ಹಾಡನ್ನ ಬೇರೆ ಥರ ನುಡಿಸ್ತಾರೆ."

"ಬೇರೆ ಅಂದ್ರೆ?"

"ಒಬ್ರೇ ಇದ್ದಾಗ. 'ನದಿಗೆ' ಅನ್ನೋ ಕಡೆ. ಏನೋ ಒಂಥರಾ ಜಾರತ್ತೆ. ನಾನು ಹೋಗಿ ಕೇಳಿದ್ರೆ ಪೆಟ್ಟಿಗೆ ಮುಚ್ಚಿಬಿಡ್ತಾರೆ. ಸಿದ್ದಮ್ಮೋರು ಹೇಳ್ಕೊಟ್ಟಿದ್ದೇ ಸರಿ, ಅಷ್ಟೇ ಹಾಡು ಅಂತಾರೆ."

ಬಸ್ಸುಗಳ ಹೊಗೆಯ ನಡುವೆ ಪುಟ್ಟಸಿದ್ದಮ್ಮ ಹುಣಸೂರಿನ ಬೋರ್ಡು ಹುಡುಕುವವಳಂತೆ ಮುಖ ತಿರುಗಿಸಿದಳು. ಬಾಯಿಗೆ ಬಂದದ್ದು ಮಾತ್ರ ಇದು: "ಅವ್ರಿಗೂ ವಯಸ್ಸಾಯ್ತು ಕಣವ್ವ. ಬೆರಳು ತಪ್ತವೆ."

"ಹ್ಞೂಂ" ಎಂದಳು ನಿಖತ್. ಆ 'ಹ್ಞೂಂ'ನಲ್ಲಿ ಏನಿತ್ತೆಂದು ಹುಣಸೂರಿನವರೆಗೂ ಅವಳು ಬಗೆದು ಬಗೆದು ನೋಡಿದಳು. ಮೇಷ್ಟ್ರಿಗೆ ಗೊತ್ತು. ಮೊದಲ ದಿನದಿಂದ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾರೆ ಎಂದರೆ ಏನೋ ಹೂಡಿದ್ದಾರೆ. ನಾಳೆ ಸಭೆಯ ಎದುರು ಸರಿಯಾದ ಸ್ವರ ನುಡಿಸಿ, ಹುಡುಗಿ ತಡವರಿಸಿ ನಿಂತಾಗ ಎದ್ದು ನಿಂತು, ನೋಡಿ ಇದು ಇವಳು ಮಾಡಿದ ಕೆಲಸ ಎನ್ನುತ್ತಾರೆ. ಆದರೆ ತನ್ನ ಮೊಮ್ಮಗಳನ್ನೇ ಬಲಿ ಕೊಟ್ಟು ಯಾರಾದರೂ ಹಾಗೆ ಮಾಡುತ್ತಾರೆಯೇ? ಯಾಕೆ ಮಾಡಬಾರದು? ತಾನು ಮಾಡಿಲ್ಲವೇ? ಆ ಹೋಲಿಕೆ ಅವಳನ್ನು ಸೀಟಿನಿಂದ ಏಳಿಸಿತು; ಒಂದು ಸ್ಟಾಪು ಮೊದಲೇ ಇಳಿದು ಬಿಸಿಲಿನಲ್ಲಿ ನಡೆದುಕೊಂಡು ಮನೆಗೆ ಹೋದಳು.

ಭಾನುವಾರ ನಾಟಕ ಹನ್ನೆರಡು ಗಂಟೆಗೆ. ಅವಳು ಒಂಬತ್ತೂವರೆಗೇ ಸಮುದಾಯ ಭವನ ತಲುಪಿದಳು. ಸೀನರಿಯವರು ಕಾಡಿನ ಪರದೆಯನ್ನು ತಲೆಕೆಳಗಾಗಿ ಕಟ್ಟಿ ಮತ್ತೆ ಬಿಚ್ಚುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ನಸೀರ್ ಒಬ್ಬರೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಅವಳು ಎದುರಿಗೆ ಹೋಗಿ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಒಂದೇ ಮಾತಾಯಿತು.

"ನಿಮಗೆ ಮರ್ತಿಲ್ಲ ಅಲ್ವಾ?"

ನಸೀರ್ ಹಣ್ಣನ್ನು ಸಿಪ್ಪೆಯ ಮೇಲೆ ಇಟ್ಟರು. "ಇಲ್ಲ."

"ಮತ್ಯಾಕೆ ಸುಳ್ಳು ಏಳಿದ್ರಿ?"

"ಮೇಷ್ಟ್ರೇ, ನಿಮ್ಗೆ ಎಲ್ಲಾ ಬತ್ತದಲ್ಲ, ಇನ್ಯಾರೂ ಬೇಡ ಬುಡಿ ಅಂದ ಮಹೇಶ್. ನನ್ಗೆ ಮರ್ತೋಗದೆ ಅಂದೆ. ಅದಕ್ಕೇ ನಿಮ್ಗೆ ಫೋನ್ ಮಾಡ್ದ." ಅವರು ಗಡ್ಡ ಸವರಿಕೊಂಡರು. "ರಾಣಿ ಪಾರ್ಟು ಕೊಡ್ಸೋಕೆ ನನ್ನ ಕೈಲಿ ಆಗ್ಲಿಲ್ಲ ಸಿದ್ದಮ್ಮೋರೆ. ಅಷ್ಟು ಆಯ್ತು."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಎಲ್ಲೋ ಸುತ್ತಿಗೆಯ ಸದ್ದು. ಎರಡು ತಿಂಗಳು ತಾನು ಕಟ್ಟಿದ್ದ ಗೋಡೆಯ ಯಾವ ಇಟ್ಟಿಗೆಯೂ ಇದ್ದ ಜಾಗದಲ್ಲಿರಲಿಲ್ಲ. ಇದೂ ಸುಳ್ಳಿರಬಹುದು ಎಂದುಕೊಳ್ಳಲು ನೋಡಿದಳು. ಆ ಮುಖದ ಮೇಲೆ ಸುಳ್ಳಿಗೆ ಬೇಕಾದ ಉತ್ಸಾಹವೇ ಇರಲಿಲ್ಲ. "ನಿಮ್ಮ ಮೊಮ್ಮಗಳಿಗೆ ತಪ್ಪು ಏಳ್ಕೊಡ್ತಿದ್ರೆ ಕೇಳ್ಕಂಡು ಕೂತಿದ್ರಲ್ಲ" ಎಂದಳು, ತಪ್ಪು ಅವರದೇ ಎಂಬಂತೆ.

"ಕೂತಿದ್ದೆ. ಬರೋ ವಾರ ಸರಿ ಮಾಡ್ತಾರೆ, ಬರೋ ವಾರ ಸರಿ ಮಾಡ್ತಾರೆ ಅಂತ." ಅವರು ಗಡಿಯಾರ ನೋಡಿದರು. "ಮರ್ತೋಗದೆ ಅಂತ ನಾನೇ ಏಳಿ, ನಾನೇ ತಿದ್ದೋದು ಎಂಗೆ?"

ಮೇಕಪ್ಪಿನ ಕೋಣೆಯಲ್ಲಿ ನಿಖತ್ ಅರ್ಧ ಬಣ್ಣ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಈಗ ಹೇಳಬೇಕು, ಎರಡು ಗಂಟೆ ಇದೆ, ಒಂದು ಸ್ವರ ತಿದ್ದಲು ಎರಡು ಗಂಟೆ ಸಾಕು ಎಂದುಕೊಂಡು ಪುಟ್ಟಸಿದ್ದಮ್ಮ ಬಾಗಿಲಲ್ಲಿ ನಿಂತಳು. ಕನ್ನಡಿಯಲ್ಲಿ ಅವಳನ್ನು ಕಂಡ ಹುಡುಗಿ ಎದ್ದು ಬಂದು, ಬಣ್ಣದ ಕೈಯನ್ನು ಹಿಂದಕ್ಕಿಟ್ಟುಕೊಂಡು ಬಗ್ಗಿ, "ಆಶೀರ್ವಾದ ಮಾಡಿ ಅಜ್ಜಿ, ಭಯ ಆಗ್ತಿದೆ" ಎಂದಳು. ಈಗ ಹೇಳಿದರೆ ಇವಳು ಗಾಬರಿಯಾಗುತ್ತಾಳೆ ಎಂಬ ನೆವ ಕೂಡಲೇ ಸಿಕ್ಕಿತು. ಒಳ್ಳೆಯ ನೆವ. ನಿಜವೂ ಆಗಿರಬಹುದಾದ ನೆವ. "ಒಳ್ಳೇದಾಗ್ಲಿ ಮಗ" ಎಂದು ತಲೆ ಮುಟ್ಟಿ ಹೊರಬಂದಳು. ನಾಟಕದ ಕೊನೆಯಲ್ಲಿ ಇದೇ ತಲೆಯನ್ನು ರಾಜಮಾತೆಯಾಗಿ ಮುಟ್ಟಬೇಕಿತ್ತು.

ನಾಟಕ ಕೆಟ್ಟದಾಗಿಯೇನೂ ಆಗಲಿಲ್ಲ. ಮಹೇಶ್ಕುಮಾರನ ಕಿರೀಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯುತ್ತಿತ್ತು, ಮಾತು ಮರೆತಾಗಲೆಲ್ಲ ಅವನು ಕತ್ತಿಯ ಹಿಡಿ ಹಿಡಿದು ಗರ್ಜಿಸುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ಪುಟ್ಟಸಿದ್ದಮ್ಮ ಬಿಳಿ ಸೀರೆಯುಟ್ಟು ಪಕ್ಕದ ಪರದೆಯ ಸಂದಿಯಲ್ಲಿ ನಿಂತಿದ್ದಳು. ಮೂರನೇ ಅಂಕ ಬಂತು. ನಸೀರ್ ಶ್ರುತಿ ಕೊಟ್ಟರು. ಹುಡುಗಿಯ ದನಿ ಸ್ವಲ್ಪ ನಡುಗಿ, ಹಿಡಿತಕ್ಕೆ ಬಂದು, 'ತಿರುಗಿ ನೋಡದೆ ಹೋದ ದೊರೆಯೇ' ಎಂದು ಎದ್ದಿತು. ಪುಟ್ಟಸಿದ್ದಮ್ಮ ಹಾರ್ಮೋನಿಯಂ ಮೇಲಿನ ಆ ಬೆರಳನ್ನೇ ನೋಡಿದಳು. ಅದು ಹೋಗಲಿ, ಕರಿ ಮನೆಗೆ ಹೋಗಲಿ, ನನ್ನ ಮಾನ ಹೋದರೂ ಹೋಗಲಿ ಎಂದು ಒಮ್ಮೆ. ಬೇಡ, ಹುಡುಗಿ ಬೀಳುತ್ತಾಳೆ ಎಂದು ಒಮ್ಮೆ. ಬೆರಳು ಬಿಳಿಯ ಮೇಲೆ ಕೂತಿತು. ಹಾಡು ಭಜನೆಯಂತೆ ನೆಮ್ಮದಿಯಾಗಿ ಮುಗಿಯಿತು. ಎಲ್ಲ ಹಾಡಿಗೂ ಬೀಳುವಷ್ಟೇ ಚಪ್ಪಾಳೆ ಬಿತ್ತು. ಯಾರೂ ಏಳಲಿಲ್ಲ. ಯಾರೂ ಯಾರನ್ನೂ ಕರೆಯಲಿಲ್ಲ. ಮುಂದಿನ ದೃಶ್ಯಕ್ಕೆ ಗುಡಿಸಲು ತಂದು ಇಟ್ಟರು.

ಮಂಗಳ ಹಾಡಿ ಪರದೆ ಬಿದ್ದ ಮೇಲೆ ವೇದಿಕೆಯ ಹಿಂದೆ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಷ್ಟು ಜನರ ನಡುವೆ ಒಬ್ಬ ಮುದುಕ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದ. ಚುಂಚನಕಟ್ಟೆಯ ಸಣ್ಣಬೀರಯ್ಯ, ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದು ನಿವೃತ್ತಿಯಾದವನು. ತಾನೇ ಹೆಸರು ಹೇಳಿಕೊಂಡು ಪುಟ್ಟಸಿದ್ದಮ್ಮನಿಗೆ ಕೈಮುಗಿದ. "ಅವ್ವ, ನಮ್ಮೂರಲ್ಲಿ ನೀವು ಆ ಹೊಳೆ ಆಡು ಆಡಿದ್ದು ಕೇಳಿದ್ದೆ. ಇನ್ನೊಂದ್ಸಲ ಕೇಳಾವ ಅಂತ್ಲೇ ಬಂದೆ" ಎಂದ. ಆಮೇಲೆ ದನಿ ತಗ್ಗಿಸಿದ. "ಆಗ ಅದು ಇಂಗಿರ್ನಿಲ್ಲ ಅಲ್ವಾ? ಒಂದ್ಕಡೆ ಎದೆ ಜಗ್ಗಂಗಾಯ್ತಿತ್ತು. ಇವತ್ತು ಆಗ್ನಿಲ್ಲ. ಎಲ್ರೂ ಚೆಂದಾಗದೆ ಅಂದ್ರು. ನನ್ನ ಕಿವೀನೇ ಓಯ್ತೇನೋ. ಇಷ್ಟು ವರ್ಷ ನಾನೇ ಇಲ್ದುದ್ದ ಕಲ್ಪಿಸ್ಕಂಡಿದ್ನೇನೋ ಅನ್ನಿಸ್ಬುಡ್ತು."

ಅವನು ನಗಲು ಪ್ರಯತ್ನಿಸುತ್ತಿದ್ದ. ಪಕ್ಕದಲ್ಲಿ ಮಹೇಶ್ಕುಮಾರ್ ಕಿರೀಟ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅವನ ಹಿಂದೆ ನಿಖತ್. ಅವಳ ಹಿಂದೆ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ ನಸೀರ್. ಹೌದು ಯಜಮಾನ್ರೇ, ವಯಸ್ಸಾಯ್ತಲ್ಲ ಎಂದರೆ ಮುಗಿದುಹೋಗುತ್ತಿತ್ತು. ನಿನ್ನೆ ಅದೇ ಮಾತನ್ನು ನಸೀರ್ ಬೆರಳಿನ ಮೇಲೆ ಹೇಳಿದ್ದಳು. ಈ ಮುದುಕ ಮನೆಗೆ ಹೋಗಿ, ತನ್ನ ಕಿವಿ ಸುಳ್ಳು, ಆ ಸಂಜೆ ಸುಳ್ಳು ಎಂದುಕೊಂಡು ಮಲಗುತ್ತಾನೆ. ತನ್ನನ್ನು ತಾನೇ ಅನುಮಾನಿಸುತ್ತ ಉಳಿದ ದಿನ ಕಳೆಯುತ್ತಾನೆ. ಅದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

"ನಿಮ್ಮ ಕಿವಿ ಸರಿಯಾಗದೆ ಯಜಮಾನ್ರೇ" ಎಂದಳು. ದನಿ ರಂಗದ ದನಿಯಾಗಿ, ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಆಡು ಅಂಗಿಲ್ಲ. ನಾನೇ ಈ ಮಗೂಗೆ ತಪ್ಪು ಏಳ್ಕೊಟ್ಟೆ."

"ಮರ್ತಿತ್ತೇನೋ ಬುಡಿ ಅಮ್ಮ" ಎಂದ ಮಹೇಶ್ಕುಮಾರ್ ಅವಸರವಾಗಿ.

"ಮರ್ತಿರ್ನಿಲ್ಲ. ಬೇಕು ಅಂತ್ಲೇ ಏಳ್ಕೊಟ್ಟೆ."

ಫೋಟೋ ತೆಗೆಯುತ್ತಿದ್ದವನು ಕೈ ಇಳಿಸಿದ. ಯಾರೋ ಹಿಂದಿನಿಂದ "ಥೂ" ಎಂದರು, ಅಥವಾ ಕೆಮ್ಮಿದರು. ಮಹೇಶ್ಕುಮಾರನ ಮುಖದಲ್ಲಿ ಮೊದಲು ಅರ್ಥವಾಗದ್ದು, ಆಮೇಲೆ ಅರ್ಥವಾದದ್ದು, ಆಮೇಲೆ ಎರಡು ತಿಂಗಳಿನ ಪ್ರತಿ ಭಾನುವಾರವನ್ನೂ ತಿರುಗಿ ನೋಡುತ್ತಿದ್ದದ್ದು ಕಂಡಿತು. ಬೀಚನಹಳ್ಳಿಯ ಮನೆಯಾಕೆ ಕೂತಿದ್ದ ಜಾಗದಲ್ಲಿ ಈಗ ಎಲ್ಲರೂ ಕೂತು ಎಣಿಸುತ್ತಿದ್ದರು, ಮತ್ತು ಈ ಸಲ ಲೋಟ ನಿಜವಾಗಿಯೂ ಕಡಿಮೆ ಇತ್ತು. ನಿಖತ್ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದಳು. ಬಣ್ಣ ಬಳಿದ ಮುಖದಲ್ಲಿ ಏನಿದೆಯೆಂದು ತಿಳಿಯುವಂತಿರಲಿಲ್ಲ.

"ಯಾಕೆ ಅಜ್ಜಿ?" ಎಂದಳು.

"ಅದು ನಂದು ಅಂದ್ಕಂಡಿದ್ದೆ ಕಣವ್ವ."

ಸಣ್ಣಬೀರಯ್ಯ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಅಂಗಾರೆ ಕಿವಿ ಓಗಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಕೋಲು ಹುಡುಕಿದ. ಪುಟ್ಟಸಿದ್ದಮ್ಮ ರಾಜಮಾತೆಯ ಬಿಳಿ ಸೀರೆಯನ್ನು ಮಡಚಿ ಕೊಟ್ಟು, ಯಾರೂ ಬಿಡಲು ಬರದಿದ್ದುದರಿಂದ ಒಬ್ಬಳೇ ಬಸ್ ಸ್ಟ್ಯಾಂಡಿಗೆ ನಡೆದಳು.

ಆ ವಾರವಿಡೀ ಫೋನು ಬರಲಿಲ್ಲ. ಬಂದಿದ್ದರೆ ಎತ್ತುತ್ತಿದ್ದಳೋ ಇಲ್ಲವೋ. ಫಾಲ್ಸ್ ಹೊಲಿಯುತ್ತ ಕೂತಾಗ ನಾಟಕದ ಪಾತ್ರಗಳಾರೂ ಬರುತ್ತಿರಲಿಲ್ಲ. ವೀರಭದ್ರಸ್ವಾಮಿ ಕೂಡ. ಬಾಗಿಲಿಗೆ ಬಂದವರು ಬರಿಯ ಸೀರೆ ತಂದವರಾಗಿದ್ದರು. ಮುಂದಿನ ಬುಧವಾರ ಮಧ್ಯಾಹ್ನ ಹೊಸಿಲಿನ ಮೇಲೆ ನೆರಳು ಬಿದ್ದಾಗಲೂ ಅವಳು ತಲೆಯೆತ್ತದೆ "ಶುಕ್ರವಾರ ಕೊಡ್ತೀನಿ ಕಣವ್ವ" ಎಂದಳು.

"ನಾನು ಅಜ್ಜಿ, ನಿಖತ್."

ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಮೊಬೈಲು ತೆಗೆದು ರೆಕಾರ್ಡಿಂಗ್ ಹಾಕಿ ನೆಲದ ಮೇಲಿಟ್ಟಳು. ಇದನ್ನು ಎಲ್ಲರಿಗೂ ಕಳಿಸುತ್ತಾಳೆ, ಗ್ರೂಪಿನಲ್ಲಿ ಹಾಕುತ್ತಾಳೆ, ನೋಡಿ ಕಳ್ಳಿಯ ದನಿ ಎಂದು. ಪುಟ್ಟಸಿದ್ದಮ್ಮನ ಮನಸ್ಸು ಅಭ್ಯಾಸದಿಂದ ಅಷ್ಟು ದೂರ ಓಡಿತು. "ತಾತ ಕಳಿಸಿದ್ರಾ?" ಎಂದು ಕೇಳಿದಳು.

"ಇಲ್ಲ. ನಾನೇ ಬಂದೆ. ಆ ಹಾಡು ಹೇಳಿ."

ಕ್ಷಮಿಸಿದ್ದೇನೆ ಎಂದಾಗಲೀ ಇಲ್ಲವೆಂದಾಗಲೀ ಹುಡುಗಿ ಹೇಳಲಿಲ್ಲ. ಪುಟ್ಟಸಿದ್ದಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿ, ಕಣ್ಣು ಮುಚ್ಚಿ, ಎತ್ತಿಕೊಂಡಳು. 'ತಿರುಗಿ ನೋಡದೆ ಹೋದ ದೊರೆಯೇ' ಸರಿಯಾಗಿ ಬಂತು. 'ನದಿಗೆ' ಎಂದು ಮೇಲೇರಿದ ಗಂಟಲು ಹೋಗಿ ಬಿಳಿ ಮನೆಯ ಮೇಲೆ ಕೂತಿತು. ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಹಾಡಿದಳು. ಮತ್ತೆ ಅಲ್ಲೇ ಕೂತಿತು. ಎರಡು ತಿಂಗಳು ತಿದ್ದಿ ತೀಡಿ ಕಲಿಸಿದ್ದು ಆ ಸುಲಭದ ಸ್ವರವನ್ನೇ. ಕಲಿತವಳು ಹುಡುಗಿಯೊಬ್ಬಳೇ ಆಗಿರಲಿಲ್ಲ. ಮೂರನೇ ಸಲ ಅವಳು ಹಣೆಯ ಬೆವರು ಒರೆಸಿಕೊಂಡು, ಚುಂಚನಕಟ್ಟೆಯನ್ನು ನೆನೆದು, ನೀರಿನ ಸದ್ದನ್ನು ನೆನೆದು, ಆ ಸ್ವರವಿದ್ದ ಕಡೆಗೆ ಕೈಚಾಚಿದಳು. ಅಲ್ಲಿ ಏನೂ ಇರಲಿಲ್ಲ. ಈ ಹುಡುಗಿ ನಂಬುತ್ತಾಳೆಯೇ? ಈಗಲೂ ಮುಚ್ಚಿಡುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಅಂದುಕೊಂಡರೆ ತಪ್ಪೇನು?

"ಬತ್ತಿಲ್ಲ ಕಣವ್ವ" ಎಂದಳು, ಕಣ್ಣು ತೆರೆಯದೆ. "ಆಣೆಗೂ ಬತ್ತಿಲ್ಲ."

ಆಮೇಲೆ ಹುಡುಗಿ ಮೊಬೈಲು ಎತ್ತಿ ಆರಿಸಿದ್ದು ಕೇಳಿಸಿತು. ಗೋಡೆಯ ಆಚೆಯಿಂದ ತಾತ ನುಡಿಸಿದ್ದನ್ನು ಕದ್ದು ಕೇಳಿ ಕಲಿತದ್ದನ್ನು ಅವಳು ಬಾಯಿ ಮುಚ್ಚಿ, ಬರಿಯ ಗುನುಗಿನಲ್ಲಿ, ಹೆದರುತ್ತ ಹೆದರುತ್ತ ಎತ್ತಿದಳು. ದನಿ ಮೇಲೇರಿತು, ನಿಲ್ಲುವ ಕಡೆ ನಿಲ್ಲದೆ ಪಕ್ಕಕ್ಕೆ ಜಾರಿತು, ಅಲ್ಲೇ ತೂಗಿತು. ಪುಟ್ಟಸಿದ್ದಮ್ಮನ ಹೊಟ್ಟೆಯಲ್ಲಿ ಒಂದು ಮೆಟ್ಟಿಲು ತಪ್ಪಿತು.

"ಇಲ್ಲಿ ಅಜ್ಜಿ" ಎಂದಳು ನಿಖತ್. "ಇಲ್ಲಿಂದ. ನನ್ನ ಹಿಂದೆ ಹೇಳಿ."

ಅವಳು ಹೇಳಿದಳು.